ಹುಲಿಗೆ ಎಷ್ಟು ದೊಡ್ಡ ಗುಂಡು? ಕೋವಿಯ ಅಳತೆಯ ಹಿಂದಿನ ಲೆಕ್ಕಾಚಾರ

ಮೈಸೂರು: ಜಿಲ್ಲೆಯ ಸರಗೂರು ಭಾಗದಲ್ಲಿ 2025ರ ಅಕ್ಟೋಬರ್ ಹಾಗೂ ನವೆಂಬರ್ ತಿಂಗಳಲ್ಲಿ ಹುಲಿ ದಾಳಿಗೆ ರೈತರು ಬಲಿಯಾದರು. ಬಂಡೀಪುರ ಹಾಗೂ ನಾಗರಹೊಳೆಯ ಸಫಾರಿಯನ್ನೇ ಸ್ಥಗಿತಗೊಳಿಸಿ, ಅರಣ್ಯ ಸಿಬ್ಬಂದಿಯನ್ನು ಕಾರ್ಯಾಚರಣೆಗೆ ಇಳಿಸಬೇಕಾಯಿತು. ಅದಕ್ಕೂ ಮೊದಲು, 2022ರ ಅಕ್ಟೋಬರ್ ಅಂತ್ಯದಿಂದ 2023ರ ಜನವರಿಯವರೆಗೆ, ತಿ.ನರಸೀಪುರ ತಾಲ್ಲೂಕಿನಲ್ಲಿ ಚಿರತೆಗೆ ನಾಲ್ವರು ಬಲಿಯಾಗಿದ್ದರು. ಆಗ ಚಿರತೆಯನ್ನು ಕಂಡಲ್ಲಿ ಗುಂಡಿಕ್ಕುವ ಆದೇಶವೂ ಹೊರಬಿದ್ದಿತ್ತು.

ಇಂತಹ ಪ್ರತಿಯೊಂದು ದುರಂತದ ಬೆನ್ನಿಗೂ ‘ಗುಂಡಿಟ್ಟು ಕೊಲ್ಲಿ’ ಎಂಬ ಕೂಗು ಏಳುವುದು ಸಹಜ. ಹೊಲಕ್ಕೆ ಹೋದ ಮನುಷ್ಯ ಮರಳಿ ಬಾರದ ಮನೆಯವರ ಸಂಕಟವನ್ನು ನಗರದಲ್ಲಿ ಕುಳಿತು ಅಳೆಯಲಾಗದು. ಆದರೆ ಆ ಕೂಗಿನ ನಡುವೆ ಯಾರೂ ಕೇಳದ ಪ್ರಶ್ನೆಯೊಂದಿದೆ. ಯಾವ ಕೋವಿಯಿಂದ? ಯಾವ ಗುಂಡಿನಿಂದ? ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಈ ಪ್ರಶ್ನೆಯನ್ನು ಮರೆತಿಲ್ಲ. ಮನುಷ್ಯರನ್ನು ಕೊಲ್ಲುವ ಹುಲಿ ಅಥವಾ ಚಿರತೆಯನ್ನು ಅನಿವಾರ್ಯವಾಗಿ ಕೊಲ್ಲಲೇಬೇಕಾದಾಗ, ಪರಿಣತಿಯುಳ್ಳ ಇಲಾಖಾ ಸಿಬ್ಬಂದಿಯೇ ಆ ಕೆಲಸ ಮಾಡಬೇಕು, ಅವರಿಗೆ ಸೂಕ್ತ ಅಳತೆಯ ನಳಿಗೆಯುಳ್ಳ ಬಂದೂಕನ್ನು ಒದಗಿಸಬೇಕು ಎಂದು ಅದು ಹೇಳುತ್ತದೆ. ಈ ‘ಸೂಕ್ತ ಅಳತೆ’ ಎಂಬ ಎರಡು ಪದಗಳ ಹಿಂದೆ ನೂರು ವರ್ಷಗಳ ಅನುಭವವಿದೆ. ಅದರಲ್ಲಿ ಬಹುಪಾಲು ರಕ್ತ ತೆತ್ತು ಕಲಿತ ಪಾಠ.

ಅಳತೆ ಎಂದರೇನು?

ಕೋವಿಯ ‘ಕ್ಯಾಲಿಬರ್’ ಎಂದರೆ ಸ್ಥೂಲವಾಗಿ ನಳಿಗೆಯ ಒಳವ್ಯಾಸ. ಇಂಗ್ಲೆಂಡ್, ಅಮೆರಿಕಗಳ ರೂಢಿಯಲ್ಲಿ ಇದನ್ನು ಅಂಗುಲದ ದಶಾಂಶದಲ್ಲಿ ಹೇಳುತ್ತಾರೆ. .275 ಎಂದರೆ ಕಾಲು ಅಂಗುಲಕ್ಕಿಂತ ತುಸು ಹೆಚ್ಚು, ಅಂದರೆ ಸುಮಾರು 7 ಮಿಲಿಮೀಟರ್. .405 ಎಂದರೆ ಸುಮಾರು 10 ಮಿಲಿಮೀಟರ್. ಚರೆ ಹಾರಿಸುವ ಕೋವಿಗಳ ಲೆಕ್ಕವೇ ಬೇರೆ. ‘12 ಬೋರ್’ ಎಂದರೆ, ಆ ನಳಿಗೆಯೊಳಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಹನ್ನೆರಡು ಸೇರಿದರೆ ಒಂದು ಪೌಂಡ್ ತೂಗುತ್ತವೆ ಎಂದರ್ಥ. ಈ ಕಾರಣದಿಂದಲೇ ಬೋರ್ ಸಂಖ್ಯೆ ದೊಡ್ಡದಾದಷ್ಟೂ ನಳಿಗೆ ಕಿರಿದಾಗುತ್ತದೆ.

ವ್ಯಾಸವೊಂದೇ ಎಲ್ಲವನ್ನೂ ಹೇಳುವುದಿಲ್ಲ. ಗುಂಡಿನ ತೂಕ, ಅದು ನಳಿಗೆಯಿಂದ ಹೊರಬೀಳುವ ವೇಗ ಹಾಗೂ ಗುಂಡಿನ ರಚನೆ ಈ ಮೂರೂ ಸೇರಿದಾಗ ಮಾತ್ರ ಕೋವಿಯ ನಿಜವಾದ ಸಾಮರ್ಥ್ಯ ತಿಳಿಯುತ್ತದೆ. ತೂಕ ಮತ್ತು ವೇಗದಿಂದ ದೊರೆಯುವ ಶಕ್ತಿಯನ್ನು ಜೌಲ್‌ಗಳಲ್ಲಿ ಅಳೆಯುತ್ತಾರೆ.

ಹುಲಿಯ ದೇಹ, ಹುಲಿಯ ವೇಗ

ಆನೆ ಮತ್ತು ಕಾಟಿಯ ವಿಷಯದಲ್ಲಿ ಕೋವಿಯ ಮುಂದಿರುವ ಸವಾಲು ದಪ್ಪ ಚರ್ಮ ಹಾಗೂ ಭಾರಿ ಮೂಳೆಗಳನ್ನು ತೂರಿ ಒಳಹೋಗುವುದು. ಹುಲಿ, ಚಿರತೆಗಳ ವಿಷಯ ಹಾಗಲ್ಲ. ಅವುಗಳ ಚರ್ಮ ತೆಳು, ಮೂಳೆ ಹಗುರ. ಪ್ರಾಯದ ಗಂಡು ಹುಲಿ 180ರಿಂದ 250 ಕಿಲೋ ತೂಗಬಹುದು. ಚಿರತೆಯಾದರೆ ಸಾಮಾನ್ಯವಾಗಿ 50ರಿಂದ 70 ಕಿಲೋ. ಕಾಗದದ ಮೇಲಿನ ಲೆಕ್ಕದಲ್ಲಿ ಇಷ್ಟು ತೂಕದ ಪ್ರಾಣಿಯನ್ನು ಕೊಲ್ಲಲು ದೊಡ್ಡ ಕೋವಿ ಬೇಕಾಗಿಯೇ ಇಲ್ಲ.

ಆದರೆ ಕೊಲ್ಲುವುದು ಬೇರೆ, ತಡೆಯುವುದು ಬೇರೆ. ದೊಡ್ಡ ಬೆಕ್ಕುಗಳ ವಿಷಯದಲ್ಲಿ ಎಲ್ಲ ಲೆಕ್ಕಾಚಾರವೂ ನಿಂತಿರುವುದು ಈ ವ್ಯತ್ಯಾಸದ ಮೇಲೆ. ಮೈಮೇಲೆ ಎರಗಿ ಬರುವ ಹುಲಿ ಸೆಕೆಂಡಿಗೆ ಸುಮಾರು 15 ಮೀಟರ್ ವೇಗದಲ್ಲಿ ಬರುತ್ತದೆ. 30 ಮೀಟರ್ ದೂರದ ಲಂಟಾನ ಪೊದೆಯಿಂದ ಹೊರಟರೆ ಕೋವಿ ಹಿಡಿದವನಿಗೆ ದೊರೆಯುವುದು ಎರಡು ಸೆಕೆಂಡು. ಇನ್ನೊಂದೆಡೆ, ಹೃದಯಕ್ಕೆ ನೇರವಾಗಿ ಗುಂಡು ಹೊಕ್ಕ ಪ್ರಾಣಿಯೂ ಆ ಕ್ಷಣವೇ ಬೀಳಬೇಕೆಂದಿಲ್ಲ. ಮೆದುಳಿನಲ್ಲಿ ಉಳಿದಿರುವ ಆಮ್ಲಜನಕದ ಬಲದಿಂದ ಅದು ಹತ್ತು ಸೆಕೆಂಡಿನಷ್ಟು ಕಾಲ ಓಡಬಲ್ಲದು, ಕಚ್ಚಬಲ್ಲದು. ಹುಲಿಯೂ ಸಾಯುತ್ತದೆ, ಅದಕ್ಕೆ ಮೊದಲೇ ಮನುಷ್ಯನೂ ಸಾಯುತ್ತಾನೆ. ಹಳೆಯ ಶಿಕಾರಿ ಕಥನಗಳಲ್ಲಿ ಇಂತಹ ಜೋಡಿ ಸಾವುಗಳು ಅಪರೂಪವಲ್ಲ.

ದೊಡ್ಡ ಗುಂಡು ತಾಗಿದರೆ ಹುಲಿ ಹಿಂದಕ್ಕೆ ಎಸೆಯಲ್ಪಡುತ್ತದೆ ಎಂಬ ನಂಬಿಕೆ ಸಿನಿಮಾದ ಕೊಡುಗೆ. ಸರಳವಾಗಿ ಲೆಕ್ಕ ಹಾಕೋಣ. 200 ಕಿಲೋ ತೂಕದ ಹುಲಿ ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬರುವಾಗ ಅದರ ಸಂವೇಗ 3,000 ಮಾನ. 19 ಗ್ರಾಂ ತೂಕದ ಗುಂಡು ಸೆಕೆಂಡಿಗೆ 670 ಮೀಟರ್ ವೇಗದಲ್ಲಿ ಹೋಗುವಾಗ ಅದರ ಸಂವೇಗ ಸುಮಾರು 13 ಮಾನ. ಅಂದರೆ ಹುಲಿಯದು ಇನ್ನೂರು ಪಟ್ಟಿಗೂ ಹೆಚ್ಚು. ತಳ್ಳುವ ಬಲದಿಂದ ಯಾವ ಕೋವಿಯೂ ಹುಲಿಯನ್ನು ನಿಲ್ಲಿಸಲಾರದು. ಅದನ್ನು ನಿಲ್ಲಿಸುವ ದಾರಿಗಳು ಎರಡೇ. ಮೆದುಳು ಅಥವಾ ಬೆನ್ನುಹುರಿಗೆ ಗುಂಡು ತಾಗಬೇಕು, ಇಲ್ಲವೇ ಭುಜದ ಮೂಳೆಗಳು ಮುರಿದು ಮುಂಗಾಲುಗಳು ಕುಸಿಯಬೇಕು. ಯಾವ ಕೋನದಿಂದ ತಾಗಿದರೂ ಸ್ನಾಯುರಾಶಿಯನ್ನು ದಾಟಿ ಆ ಮೂಳೆಯನ್ನು ಮುಟ್ಟಿ ಮುರಿಯುವ ಭಾರ ಗುಂಡಿಗಿರಬೇಕು. ಅಳತೆಯ ಪ್ರಶ್ನೆ ಎದುರಾಗುವುದು ಇಲ್ಲಿಯೇ.

ಮೂರು ಹಳೆಯ ಕೋವಿಗಳು

ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಮೂಲಕ ಕನ್ನಡಿಗರ ಮನೆಮಾತಾದ ಕೆನೆತ್ ಆಂಡರ್ಸನ್ (1910-1974) ಬೆಂಗಳೂರಿನ ನಿವಾಸಿ. ದಕ್ಷಿಣ ಭಾರತದ ಕಾಡುಗಳಲ್ಲಿ ಅವರ ಸಂಗಾತಿಯಾಗಿದ್ದುದು .405 ಅಳತೆಯ ವಿಂಚೆಸ್ಟರ್ ರೈಫಲ್. 1904ರಲ್ಲಿ ಮಾರುಕಟ್ಟೆಗೆ ಬಂದ ಈ ತೋಟಾ 300 ಗ್ರೇನ್, ಅಂದರೆ ಸುಮಾರು 19.4 ಗ್ರಾಂ ತೂಕದ ಗುಂಡನ್ನು ಸೆಕೆಂಡಿಗೆ ಸುಮಾರು 670 ಮೀಟರ್ ವೇಗದಲ್ಲಿ ಹಾರಿಸುತ್ತಿತ್ತು. ಶಕ್ತಿ ಸುಮಾರು 4,300 ಜೌಲ್. ಕೆಳಗಿನ ಸನ್ನೆಯನ್ನು ಎಳೆದು ಬಿಟ್ಟರೆ ಮುಂದಿನ ತೋಟಾ ಸಿದ್ಧ. ಅಮೆರಿಕದ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ 1909ರಲ್ಲಿ ಆಫ್ರಿಕಾಕ್ಕೆ ತೆರಳಿದಾಗ ಸಿಂಹಗಳಿಗೆಂದು ಒಯ್ದದ್ದೂ ಇದೇ ಅಳತೆಯ ಕೋವಿಯನ್ನು.

ಕುಮಾವೂಂನ ಜಿಮ್ ಕಾರ್ಬೆಟ್ ಅವರ ಬಳಿ ಎರಡು ಬಗೆಯ ಕೋವಿಗಳಿದ್ದವು. ಒಂದು .275 ರಿಗ್ಬಿ. 1907ರಲ್ಲಿ ಚಂಪಾವತದ ನರಭಕ್ಷಕ ಹುಲಿಯನ್ನು ಕೊಂದುದಕ್ಕಾಗಿ ಅಂದಿನ ಸಂಯುಕ್ತ ಪ್ರಾಂತ್ಯದ ಆಡಳಿತ ನೀಡಿದ ಉಡುಗೊರೆ ಅದು. ಗುಂಡಿನ ತೂಕ ಕೇವಲ 9 ಗ್ರಾಂ, ಶಕ್ತಿ ಸುಮಾರು 3,200 ಜೌಲ್. ಹಗುರವಾದ, ಹೆಗಲಿಗೆ ಒದೆಯದ, ಕರಾರುವಾಕ್ಕಾದ ಈ ರೈಫಲ್‌ನಿಂದಲೇ 1926ರಲ್ಲಿ ರುದ್ರಪ್ರಯಾಗದ ಚಿರತೆ ಉರುಳಿತು. ಇನ್ನೊಂದು .450/400 ಅಳತೆಯ ಜೋಡುನಳಿಗೆ ಕೋವಿ. ಗುಂಡಿನ ತೂಕ ಸುಮಾರು 26 ಗ್ರಾಂ, ಶಕ್ತಿ ಸುಮಾರು 5,400 ಜೌಲ್. ಎರಡು ನಳಿಗೆ, ಎರಡು ಕುದುರೆ. ಮೊದಲನೆಯ ಈಡು ತಪ್ಪಿದರೂ ಕೈ ಅಲುಗಾಡಿಸದೆ ಎರಡನೆಯದನ್ನು ಹಾರಿಸಬಹುದಾದ ಅನುಕೂಲ. ಎರಡೇ ಸೆಕೆಂಡು ದೊರೆಯುವ ಆಟದಲ್ಲಿ ಆ ಅನುಕೂಲವೇ ಪ್ರಾಣ.

ಈ ಅನುಭವಿಗಳ ಆಯ್ಕೆ ಎಷ್ಟು ನಿಖರವಾಗಿತ್ತು ಎಂಬುದಕ್ಕೆ ಆಧುನಿಕ ಪುರಾವೆಯೊಂದು ಜಿಂಬಾಬ್ವೆಯ ಕಾನೂನಿನಲ್ಲಿದೆ. ಅಲ್ಲಿ ಬೇಟೆ ಇಂದಿಗೂ ಪರವಾನಗಿಗೆ ಒಳಪಟ್ಟ ಚಟುವಟಿಕೆ. ಅಲ್ಲಿನ ನಿಯಮ ಪ್ರತಿ ವರ್ಗದ ಪ್ರಾಣಿಗೂ ಕನಿಷ್ಠ ಅಳತೆಯನ್ನು ಗೊತ್ತುಪಡಿಸಿದೆ. ಚಿರತೆಗೆ 7 ಮಿಲಿಮೀಟರ್ ಮತ್ತು 3,000 ಜೌಲ್, ಸಿಂಹಕ್ಕೆ 7 ಮಿಲಿಮೀಟರ್ ಮತ್ತು 4,300 ಜೌಲ್, ಆನೆ ಹಾಗೂ ಕಾಡೆಮ್ಮೆಗೆ 9.2 ಮಿಲಿಮೀಟರ್ ಮತ್ತು 5,300 ಜೌಲ್. ಕಾರ್ಬೆಟ್ ಚಿರತೆಗೆ ಹಿಡಿದ ಕೋವಿ, ಆಂಡರ್ಸನ್ ಹುಲಿಗೆ ಹಿಡಿದ ಕೋವಿ ಎರಡೂ ಈ ಗೆರೆಗಳ ಮೇಲೆಯೇ ಬಂದು ನಿಲ್ಲುತ್ತವೆ. ಆಫ್ರಿಕಾದ ಇತರ ಕೆಲವು ದೇಶಗಳಲ್ಲಿ 1912ರಲ್ಲಿ ಬಂದ .375 ಮ್ಯಾಗ್ನಂ ತೋಟಾವೇ ಅಪಾಯಕಾರಿ ಪ್ರಾಣಿಗಳಿಗೆ ಕನಿಷ್ಠ ಮಿತಿ. ಅದರ ಶಕ್ತಿ 5,700 ಜೌಲ್‌ನ ಆಸುಪಾಸು.

ಹಾಗಾದರೆ ಇನ್ನೂ ದೊಡ್ಡದು ಇನ್ನೂ ಉತ್ತಮವೇ? ಅಲ್ಲ. ಆನೆಗೆಂದು ತಯಾರಾದ .577, .600ರಂತಹ ಕೋವಿಗಳು ಭಾರ. ಅವುಗಳ ಹಿಂದೊದೆತಕ್ಕೆ ಅಂಜಿ ಕುದುರೆ ಎಳೆಯುವ ಮೊದಲೇ ಕಣ್ಣು ಮುಚ್ಚುವ ಗುರಿಕಾರನಿಗಿಂತ, ಹಗುರ ಕೋವಿಯನ್ನು ಸ್ಥಿರವಾಗಿ ಹಿಡಿಯುವವನೇ ಸುರಕ್ಷಿತ. ತನ್ನ ಹೆಗಲು ತಡೆಯುವಷ್ಟೇ ದೊಡ್ಡ ಕೋವಿ ಎಂಬುದು ಈ ವಿಷಯದಲ್ಲಿ ಬಲ್ಲವರ ಒಮ್ಮತ.

ಗುಂಡಿನ ಮೂತಿಯ ಮಾತು

ಅಳತೆಯಷ್ಟೇ ಮುಖ್ಯವಾದುದು ಗುಂಡಿನ ರಚನೆ. ಸೈನ್ಯದ ಗುಂಡುಗಳಿಗೆ ಪೂರ್ತಿ ಲೋಹದ ಹೊದಿಕೆಯಿರುತ್ತದೆ. ಅವು ಮೃದುವಾದ ದೇಹವನ್ನು ಸೂಜಿಯಂತೆ ತೂರಿ ಆಚೆಗೆ ಹೋಗಬಲ್ಲವು. ಪ್ರಾಣಿ ಗಾಯಗೊಳ್ಳುತ್ತದೆ, ನಿಲ್ಲುವುದಿಲ್ಲ. ಆಚೆ ಬದಿಯಲ್ಲಿ ಜನರಿದ್ದರೆ ಅವರಿಗೂ ಅಪಾಯ. ಬೇಟೆಯ ಗುಂಡುಗಳ ಮೂತಿಯಲ್ಲಿ ಮಾತ್ರ ಸೀಸವನ್ನು ತೆರೆದು ಬಿಟ್ಟಿರುತ್ತಾರೆ. ದೇಹ ಹೊಕ್ಕೊಡನೆ ಅದು ಅಣಬೆಯಂತೆ ಅರಳಿ, ತನ್ನ ಶಕ್ತಿಯನ್ನೆಲ್ಲ ಒಳಗೇ ವ್ಯಯಿಸುತ್ತದೆ. ಆದರೆ ತೀರಾ ಬೇಗ ಅರಳುವ ಹಗುರ ಗುಂಡು ಭುಜದ ಸ್ನಾಯುವಿನಲ್ಲೇ ಚೂರಾಗಿ ಮೂಳೆಯನ್ನು ಮುಟ್ಟದೆ ಹೋಗಬಹುದು. ನಿಧಾನವಾಗಿ ಅರಳುವ, ತೂಕ ಉಳಿಸಿಕೊಳ್ಳುವ ಭಾರದ ಗುಂಡೇ ದೊಡ್ಡ ಬೆಕ್ಕುಗಳಿಗೆ ತಕ್ಕದ್ದು.

ಇದನ್ನು ಇಂದಿನ ಸನ್ನಿವೇಶಕ್ಕೆ ಹೊಂದಿಸಿ ನೋಡಬೇಕು. ಹಳ್ಳಿಯ ಬದಿಗೆ ಹುಲಿ ಬಂದಾಗ ತಕ್ಷಣಕ್ಕೆ ಸಿಗುವುದು ಪೊಲೀಸರ ಕೈಯಲ್ಲಿರುವ ಇನ್ಸಾಸ್ ಅಥವಾ ಎಕೆ-47 ಬಂದೂಕು. ಇನ್ಸಾಸ್‌ನ 5.56 ಮಿಲಿಮೀಟರ್ ಗುಂಡಿನ ತೂಕ ಸುಮಾರು 4 ಗ್ರಾಂ, ಶಕ್ತಿ 1,700 ಜೌಲ್‌ನ ಒಳಗೆ. ಎಕೆ-47ರದು ಸುಮಾರು 2,000 ಜೌಲ್. ಎರಡೂ ಮನುಷ್ಯರೊಡನೆ ಹೋರಾಡಲು ತಯಾರಾದ ಆಯುಧಗಳು. ಚಿರತೆಗೆ ಜಿಂಬಾಬ್ವೆ ವಿಧಿಸಿರುವ ಕನಿಷ್ಠ ಮಿತಿಯನ್ನೂ ಇವು ಮುಟ್ಟುವುದಿಲ್ಲ. ಅರಣ್ಯ ಸಿಬ್ಬಂದಿ ಸಾಮಾನ್ಯವಾಗಿ ಒಯ್ಯುವ 12 ಬೋರ್ ಕೋವಿ ಆನೆಯನ್ನು ಸದ್ದಿನಿಂದ ಬೆದರಿಸಲು, ಕಳ್ಳಬೇಟೆಗಾರರನ್ನು ಎದುರಿಸಲು ಸಾಕು. ಓಡಿಬರುವ ಹುಲಿಯ ಮುಂದೆ ಅದರ ಮಿತಿ ಬೇರೆ. ದಪ್ಪ ಚರೆ ಹದಿನೈದಿಪ್ಪತ್ತು ಮೀಟರ್ ಒಳಗೆ ಚಿರತೆಯನ್ನು ತಡೆಯಬಲ್ಲದು. ಅದಕ್ಕಿಂತ ದೂರದಲ್ಲಿ ಚರೆ ಚದುರುತ್ತದೆ, ಕಾವು ಕಳೆದುಕೊಳ್ಳುತ್ತದೆ, ಗಾಯವನ್ನಷ್ಟೇ ಮಾಡುತ್ತದೆ.

ಅರೆಗಾಯದ ಬೆಲೆ

‘ಗಾಯವಷ್ಟೇ’ ಎಂಬ ಮಾತು ಹಗುರವಾಗಿ ಕೇಳಿಸಬಹುದು. ಅದರ ಬೆಲೆ ತಿಳಿಯಲು ಮತ್ತೆ ಚಂಪಾವತಕ್ಕೆ ಹೋಗಬೇಕು. ನೇಪಾಳ ಮತ್ತು ಕುಮಾವೂಂಗಳಲ್ಲಿ ಒಟ್ಟು 436 ಜನರನ್ನು ಕೊಂದಿತೆಂದು ಲೆಕ್ಕವಿರುವ ಆ ಹೆಣ್ಣುಹುಲಿ ಸತ್ತ ಮೇಲೆ ಕಾರ್ಬೆಟ್ ಅದರ ಬಾಯಿ ತೆರೆದು ನೋಡಿದರು. ಬಲಬದಿಯ ಎರಡು ಕೋರೆಹಲ್ಲುಗಳು ಮುರಿದಿದ್ದವು. ಮೇಲಿನದು ಅರ್ಧಕ್ಕೆ, ಕೆಳಗಿನದು ಮೂಳೆಯವರೆಗೆ. ಹಿಂದೆಂದೋ ಯಾರೋ ಹಾರಿಸಿದ್ದ ಗುಂಡಿನ ಫಲ ಅದು. ಸಹಜ ಬೇಟೆಯನ್ನು ಹಿಡಿಯಲಾಗದೆ ಹುಲಿ ಮನುಷ್ಯನತ್ತ ತಿರುಗಿತು ಎಂಬುದು ಕಾರ್ಬೆಟ್ ಅವರ ತೀರ್ಮಾನ.

ಆ ಗುಂಡು ಹಾರಿಸಿದವನ ಹೆಸರು ಯಾರಿಗೂ ತಿಳಿದಿಲ್ಲ. ತಾನು ಏನು ಮಾಡಿದೆ ಎಂಬುದು ಅವನಿಗೂ ತಿಳಿದಿರಲಾರದು. ಆಂಡರ್ಸನ್ ಅವರ ಕಥನಗಳಲ್ಲೂ ನರಭಕ್ಷಕಗಳ ಮೈಯಲ್ಲಿ ಹಳೆಯ ಗುಂಡಿನ ಗಾಯಗಳು, ಮುಳ್ಳುಹಂದಿಯ ಮುಳ್ಳುಗಳು ಮತ್ತೆ ಮತ್ತೆ ಕಾಣಿಸುತ್ತವೆ. ಎಲ್ಲ ನರಭಕ್ಷಕಗಳೂ ಗಾಯಗೊಂಡವೇ ಆಗಿರಬೇಕೆಂದಿಲ್ಲ. ಮುಪ್ಪು, ನೆಲೆ ಕಳೆದುಕೊಂಡ ಒತ್ತಡ, ಅಕಸ್ಮಾತ್ತಾದ ಭೇಟಿ ಇವೂ ಕಾರಣಗಳು. ಆದರೆ ಇವುಗಳಲ್ಲಿ ಮನುಷ್ಯ ತನ್ನ ಕೈಯಾರೆ ಉಂಟುಮಾಡುವ ಕಾರಣವೆಂದರೆ ಅರೆಬರೆ ಗುಂಡೇಟು. ಗಾಯಗೊಂಡ ಪ್ರಾಣಿಯನ್ನು ಹಿಂಬಾಲಿಸಿ ಹೋಗಿ ಅಂತ್ಯ ಕಾಣಿಸುವುದು ಶಿಕಾರಿಯ ಮೊದಲ ಧರ್ಮವೆಂದು ಹಳಬರು ವಿಧಿಸಿಕೊಂಡಿದ್ದುದು ಇದೇ ಕಾರಣಕ್ಕೆ. ಸೂಕ್ತ ಅಳತೆಯ ಕೋವಿಯೆಂಬುದು ಶೌರ್ಯದ ಅಲಂಕಾರವಲ್ಲ. ಮುಂದಿನ ಊರಿನ ಕೂಲಿಯವನಿಗೆ, ದನ ಕಾಯುವ ಹುಡುಗನಿಗೆ ಕೊಟ್ಟ ಭರವಸೆ.

ಮೈಸೂರು ಸೀಮೆಯ ತಿರುವು

ಮೈಸೂರು ಈ ಚರಿತ್ರೆಯ ಹೊರಗಿನ ಊರಲ್ಲ. 20ನೇ ಶತಮಾನದ ಆದಿಯಿಂದ ಅಂತ್ಯದವರೆಗೂ ಇಲ್ಲಿ ನಡೆದ ವ್ಯಾನ್ ಇಂಗೆನ್ ಸಂಸ್ಥೆ, ಬೇಟೆಯ ಹುಲಿ-ಚಿರತೆಗಳ ಚರ್ಮ ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವುದರಲ್ಲಿ ಜಗತ್ಪ್ರಸಿದ್ಧವಾಗಿತ್ತು. ದೇಶದ ಅರಮನೆಗಳ ಗೋಡೆಗಳಿಗೆ ಇಲ್ಲಿಂದ ಹುಲಿಮುಖಗಳು ಹೋದವು. ಇದೇ ಮೈಸೂರಿನ ಅರಸರು 1931ರಲ್ಲಿ ವೇಣುಗೋಪಾಲ ವನ್ಯಜೀವಿ ಉದ್ಯಾನವನ್ನೂ ಸ್ಥಾಪಿಸಿದರು. ಮುಂದೆ ಅದೇ ಬಂಡೀಪುರವಾಗಿ, 1973ರಲ್ಲಿ ಹುಲಿ ಯೋಜನೆಯ ಮೊದಲ ಒಂಬತ್ತು ಮೀಸಲು ಪ್ರದೇಶಗಳಲ್ಲಿ ಒಂದಾಯಿತು.

ಹುಲಿ ಬೇಟೆಯನ್ನು ದೇಶಾದ್ಯಂತ ನಿಷೇಧಿಸಿದ್ದು 1970ರಲ್ಲಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದಕ್ಕೆ ಭದ್ರವಾದ ಕಾನೂನಿನ ತಳಹದಿ ಒದಗಿಸಿತು. 2022ರ ಗಣತಿಯಂತೆ ಕರ್ನಾಟಕದಲ್ಲಿ 563 ಹುಲಿಗಳಿವೆ. ಬಂಡೀಪುರದಲ್ಲಿ 150, ನಾಗರಹೊಳೆಯಲ್ಲಿ 141. ಬೇಟೆಗೆ ಕೋವಿ ಆರಿಸುವ ಪ್ರಶ್ನೆಯೇ ಇಂದು ನಮ್ಮಲ್ಲಿ ಉಳಿದಿಲ್ಲ. ಉಳಿದಿರುವುದು ಕಾಯ್ದೆಯ 11ನೇ ಪ್ರಕರಣ ತೆರೆದಿಟ್ಟಿರುವ ಇಕ್ಕಟ್ಟಾದ ಬಾಗಿಲು ಮಾತ್ರ. ಪ್ರಾಣಿ ಮನುಷ್ಯ ಜೀವಕ್ಕೆ ಅಪಾಯಕಾರಿಯಾಗಿದೆ, ಅದನ್ನು ಸೆರೆ ಹಿಡಿಯಲು, ಅರಿವಳಿಕೆ ನೀಡಲು ಅಥವಾ ಸ್ಥಳಾಂತರಿಸಲು ಸಾಧ್ಯವಿಲ್ಲ ಎಂದು ಮುಖ್ಯ ವನ್ಯಜೀವಿ ಪರಿಪಾಲಕರಿಗೆ ಮನವರಿಕೆಯಾದರೆ ಮಾತ್ರ, ಕಾರಣ ಸಹಿತ ಲಿಖಿತ ಆದೇಶದ ಮೇಲೆ ಅದನ್ನು ಕೊಲ್ಲಬಹುದು. ಹುಲಿ ಪ್ರಾಧಿಕಾರದ ಮಾರ್ಗಸೂಚಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಇಂತಹ ಕೆಲಸಕ್ಕೆ ಬಹುಮಾನ ಘೋಷಿಸಕೂಡದು ಎಂದಿದೆ. ಬಹುಮಾನವಿದ್ದಲ್ಲಿ ಕೋವಿಗಳು ಹೆಚ್ಚುತ್ತವೆ, ಗುರಿಕಾರರು ಹೆಚ್ಚುವುದಿಲ್ಲ.

ಆ ಬಾಗಿಲು ನಮ್ಮ ರಾಜ್ಯದಲ್ಲಿ ತೆರೆದದ್ದೂ ಉಂಟು. ಚಿಕ್ಕಮಗಳೂರು ಭಾಗದಲ್ಲಿ ಸೆರೆಹಿಡಿದು ಬೆಳಗಾವಿ ಜಿಲ್ಲೆಯ ಭೀಮಗಡದಲ್ಲಿ ಬಿಟ್ಟ ಹುಲಿ ಖಾನಾಪುರ ತಾಲ್ಲೂಕಿನಲ್ಲಿ ಮಹಿಳೆಯೊಬ್ಬರನ್ನು ಕೊಂದಾಗ, 2014ರ ಡಿಸೆಂಬರ್‌ನಲ್ಲಿ ಅದನ್ನು ಗುಂಡಿಕ್ಕಿ ಕೊಲ್ಲಲಾಯಿತು.

ಅರಿವಳಿಕೆ ಕೋವಿಯ ತಿರುವುಮುರುವು

ಬಹುಪಾಲು ಪ್ರಸಂಗಗಳಲ್ಲಿ ಇಂದು ಮೊದಲು ಹೊರಬರುವುದು ಬೇರೊಂದು ಕೋವಿ. 2019ರ ಅಕ್ಟೋಬರ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಇಬ್ಬರು ರೈತರನ್ನು ಕೊಂದ ಹುಲಿಯೂ, 2023ರ ನವೆಂಬರ್‌ನಲ್ಲಿ ನಂಜನಗೂಡು ತಾಲ್ಲೂಕಿನಲ್ಲಿ ಮಹಿಳೆಯೊಬ್ಬರನ್ನು ಬಲಿ ತೆಗೆದುಕೊಂಡ ಹುಲಿಯೂ ಜೀವಂತ ಸೆರೆಯಾಗಿ ಮೈಸೂರು ಹೊರವಲಯದ ಕೂರ್ಗಳ್ಳಿಯ ಪುನರ್ವಸತಿ ಕೇಂದ್ರ ಸೇರಿದವು.

ಅರಿವಳಿಕೆ ಕೋವಿಯ ನಳಿಗೆ ಸಾಮಾನ್ಯವಾಗಿ 11 ಅಥವಾ 13 ಮಿಲಿಮೀಟರ್. ಅಳತೆಯಲ್ಲಿ ಅದು ಆಂಡರ್ಸನ್ ಅವರ ರೈಫಲ್‌ಗಿಂತಲೂ ದೊಡ್ಡದು. ಆದರೆ ತರ್ಕ ಪೂರ್ತಿ ತಿರುವುಮುರುವು. ಇಲ್ಲಿ ಶಕ್ತಿ ಕಡಿಮೆಯಾದಷ್ಟೂ ಒಳ್ಳೆಯದು. ಅನಿಲದ ಒತ್ತಡದಿಂದ ಹಾರುವ ಸೂಜಿ ತೊಡೆಯ ಅಥವಾ ಭುಜದ ದಪ್ಪ ಸ್ನಾಯುವಿನಲ್ಲಿ ನಿಲ್ಲಬೇಕು. ಜೋರಾದರೆ ಮೂಳೆ ಮುರಿಯುತ್ತದೆ, ಮೆತ್ತಗಾದರೆ ಜಾರಿ ಬೀಳುತ್ತದೆ. ಆದ್ದರಿಂದ ಪಶುವೈದ್ಯರು ಮೂವತ್ತು ನಲವತ್ತು ಮೀಟರ್ ಒಳಗೆ ಬರಲೇಬೇಕು. ಕೆಟಮಿನ್ ಮತ್ತು ಜೈಲಜಿನ್ ಮಿಶ್ರಣ ಕೆಲಸ ಮಾಡಲು ಹಲವು ನಿಮಿಷಗಳು ಬೇಕು. ಅಷ್ಟು ಹೊತ್ತು ಹುಲಿ ಎಚ್ಚರವಾಗಿಯೇ ಇರುತ್ತದೆ, ಸಿಟ್ಟಿನಲ್ಲಿಯೂ ಇರುತ್ತದೆ. ಎರಡು ಸೆಕೆಂಡಿನ ಅಪಾಯ, ಹತ್ತು ನಿಮಿಷದ ಔಷಧ. ಈ ಅಂತರವನ್ನು ತುಂಬಲು ಸಾಕಾನೆಯ ಬೆನ್ನು ಬೇಕು, ಬಲೆ ಬೇಕು, ಅದರೊಡನೆ ಪಕ್ಕದಲ್ಲಿ ತಡೆಯಬಲ್ಲ ನಿಜವಾದ ರೈಫಲ್ ಹಿಡಿದ, ಅದನ್ನು ಹಾರಿಸದೆ ಕಾಯಬಲ್ಲ ಒಬ್ಬ ನುರಿತ ವ್ಯಕ್ತಿಯೂ ಬೇಕು.

ಹಳೆಯ ಶಿಕಾರಿಯ ವಿದ್ಯೆ ಇಂದಿಗೂ ಪ್ರಸ್ತುತವಾಗುವುದು ಈ ಒಂದು ಸ್ಥಾನದಲ್ಲಿ. ಆತ ತಂಡದ ಕಾವಲುಗಾರ. ಅವನ ಕೈಯಲ್ಲಿರಬೇಕಾದುದು ಸಿಕ್ಕಿದ ಕೋವಿಯಲ್ಲ, 4,300 ಜೌಲ್ ಗೆರೆಯನ್ನು ದಾಟಿದ, ಅರಳುವ ಭಾರದ ಗುಂಡುಳ್ಳ, ಅವನು ನೂರು ಬಾರಿ ಹಾರಿಸಿ ಕೈ ಪಳಗಿಸಿಕೊಂಡ ಕೋವಿ. ಸುತ್ತ ಸಾವಿರ ಜನ ಸೇರಿ ಮೊಬೈಲ್ ಹಿಡಿದು ನಿಂತಿದ್ದರೆ ಅಂತಹ ಕೋವಿಯೂ ನಿರುಪಯುಕ್ತ. ಗುಂಡು ಹುಲಿಯನ್ನು ದಾಟಿದರೆ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿಯದೆ ಯಾವ ಜವಾಬ್ದಾರಿಯುತ ಗುರಿಕಾರನೂ ಕುದುರೆ ಎಳೆಯಲಾರ. ಹುಲಿ ಕಂಡಿತೆಂಬ ಸುದ್ದಿ ಬಂದಾಗ ಜನ ದೂರ ನಿಲ್ಲುವುದು ಹುಲಿಯ ಮೇಲಿನ ದಯೆಯಿಂದಲೇ ಆಗಬೇಕಿಲ್ಲ, ತಮ್ಮ ಮೇಲಿನ ದಯೆಯಿಂದಲಾದರೂ ಆಗಬೇಕು.

ಕಾಡಂಚಿನ ರೈತನಿಗೆ ಬೇಕಿರುವುದು ಹುಲಿಯ ಹೆಣವಲ್ಲ, ನಾಳೆ ಬೆಳಿಗ್ಗೆ ಹೊಲಕ್ಕೆ ಹೋಗಿ ಸಂಜೆ ಮನೆಗೆ ಮರಳುವ ಧೈರ್ಯ. ಅವಸರದಲ್ಲಿ ಹಾರಿದ ತಪ್ಪು ಅಳತೆಯ ಗುಂಡು ಆ ಧೈರ್ಯವನ್ನು ಕೊಡುವುದಿಲ್ಲ. ಗಾಯಗೊಂಡ ಹುಲಿಯನ್ನು ಕತ್ತಲಲ್ಲಿ ಬಿಟ್ಟು, ಇರುವ ಧೈರ್ಯವನ್ನೂ ಕಸಿಯುತ್ತದೆ. ಮುಂದಿನ ಬಾರಿ ‘ಗುಂಡಿಕ್ಕಿ’ ಎಂಬ ಕೂಗೆದ್ದಾಗ ಅಧಿಕಾರಿಗಳನ್ನು ಕೇಳಬೇಕಾದ ಮೊದಲ ಪ್ರಶ್ನೆಗಳು ಹೀಗಿರಲಿ. ಹುಲಿ ಇದೇ ಎಂಬುದು ಖಚಿತವೇ? ಅರಿವಳಿಕೆ ತಂಡ ಬಂದಿದೆಯೇ? ಅದರ ಬೆನ್ನಿಗೆ ನಿಂತವರ ಕೈಯಲ್ಲಿರುವ ಕೋವಿ ಯಾವುದು?